ನೋರ್ಡೆಲ್ಟಾದ ಹುಲ್ಲುಹಾಸಿಗೆ ಬಂದ ಕಾರ್ಪಿಂಚೊ

2021ರ ಆಗಸ್ಟ್‌ನಲ್ಲಿ ಅರ್ಜೆಂಟೀನಾದ ಒಂದು ಸಿರಿವಂತ ಬಡಾವಣೆಯ ಲಾನುಗಳು ಜಗತ್ತಿಗೆಲ್ಲ ಸುದ್ದಿಯಾದವು. ಬಡಾವಣೆಯ ಹೆಸರು ನೋರ್ಡೆಲ್ಟಾ. ರಾಜಧಾನಿ ಬ್ಯೂನಸ್ ಐರಿಸ್‌ನಿಂದ ಉತ್ತರಕ್ಕೆ ಸುಮಾರು 30 ಕಿಲೋಮೀಟರ್ ದೂರ. ಸುತ್ತಲೂ ಗೋಡೆ, ಗೇಟಿನಲ್ಲಿ ಹಗಲೂ ರಾತ್ರಿ ಕಾವಲು. ಒಳಗೆ ಶಾಲೆ, ಆಸ್ಪತ್ರೆ, ಮಾಲ್, ಗಾಲ್ಫ್ ಮೈದಾನ, ಮತ್ತೆ ಎಲ್ಲಿ ನೋಡಿದರೂ ಕೆರೆಗಳು. ಆ ಕೆರೆಗಳಿಂದ ಸಂಜೆಯಾಗುತ್ತಲೇ ಕಂದು ಬಣ್ಣದ, ಕುರಿಗಾತ್ರದ ಪ್ರಾಣಿಗಳು ಹಿಂಡುಗಟ್ಟಿ ದಡ ಹತ್ತಿ, ಮನೆಯಂಗಳದ ಹುಲ್ಲು ಮೇಯುತ್ತಿದ್ದವು. ಅಲ್ಲಿನವರು ಅದನ್ನು ಕಾರ್ಪಿಂಚೊ ಎನ್ನುತ್ತಾರೆ. ಉಳಿದ ಜಗತ್ತಿಗೆ ಅದು ಕ್ಯಾಪಿಬರಾ.

ನಿವಾಸಿಗಳ ದೂರುಗಳು ಸಾಲುಗಟ್ಟಿದವು. ಲಾನು ಹಾಳಾಗುತ್ತಿದೆ, ಅಂಗಳದ ತುಂಬ ಹಿಕ್ಕೆ, ಸಾಕುನಾಯಿಗಳನ್ನು ಕಚ್ಚುತ್ತಿವೆ, ರಾತ್ರಿ ರಸ್ತೆಗೆ ಅಡ್ಡ ಬಂದು ಅಪಘಾತವಾಗುತ್ತಿದೆ. ಇತ್ತ ಗೋಡೆಯ ಹೊರಗಿನ ಅರ್ಜೆಂಟೀನಾ ಒಂದೇ ವಾರದಲ್ಲಿ ಪ್ರಾಣಿಯ ಪರವಾಗಿ ನಿಂತುಬಿಟ್ಟಿತು. ಕಾರ್ಪಿಂಚೊವನ್ನು ಕ್ರಾಂತಿಕಾರಿಯಾಗಿ, ದುಡಿಯುವ ವರ್ಗದ ನಾಯಕನಾಗಿ ಚಿತ್ರಿಸಿದ ಮೀಮ್‌ಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ಒಂದು ಕಡೆಯವರು 'ದಾಳಿ' ಎಂದರು. ಇನ್ನೊಂದು ಕಡೆಯವರು 'ತನ್ನ ನೆಲವನ್ನು ತಾನೇ ಮರಳಿ ಪಡೆಯುತ್ತಿದೆ' ಎಂದರು.

ಎರಡನೆಯ ಮಾತು ನನ್ನ ಮನಸ್ಸಿಗೆ ಹತ್ತಿರ. ಆದರೂ ಈ ಎರಡು ಮಾತುಗಳೂ ಒಂದೇ ತಪ್ಪು ಮಾಡುತ್ತವೆ. ಪ್ರಾಣಿ ಎಲ್ಲೋ ಹೋಗಿತ್ತು, ಈಗ ಬಂತು ಎಂದು ಎರಡೂ ನಂಬಿಸುತ್ತವೆ. ಕಾರ್ಪಿಂಚೊ ಎಲ್ಲಿಗೂ ಹೋಗಿರಲಿಲ್ಲ. ಬಡಾವಣೆಯೊಳಗೇ ಉಳಿದಿದ್ದ ಖಾಲಿ ಜಾಗಗಳಲ್ಲಿ, ಇನ್ನೂ ಮನೆ ಏಳದ ಜೌಗು ತುಂಡುಗಳಲ್ಲಿ ಬದುಕಿತ್ತು. ಆ ತುಂಡುಗಳಲ್ಲೂ ಕಟ್ಟಡದ ಕೆಲಸ ಶುರುವಾದಾಗ ಅದು ಪಕ್ಕದ ಅಂಗಳಕ್ಕೆ ಸರಿಯಿತು, ಅಷ್ಟೇ. ಇದು ಅರ್ಥವಾಗಬೇಕಾದರೆ ಪ್ರಾಣಿಯನ್ನೂ ನೋಡಬೇಕು, ಅದರ ಕಾಲ ಕೆಳಗಿನ ನೆಲವನ್ನೂ ನೋಡಬೇಕು. ನೆಲದ ಕತೆಯೇ ದೊಡ್ಡದು. ಆದರೆ ಪ್ರಾಣಿಯಿಂದ ಶುರುಮಾಡಿದರೆ ಅನುಕೂಲ.

ಕಾರ್ಪಿಂಚೊ ಜಗತ್ತಿನ ಅತಿ ದೊಡ್ಡ ದಂಶಕ. ಇಲಿ, ಅಳಿಲುಗಳ ಬಳಗದ್ದು ಎಂದರೆ ಮೊದಲ ಸಲ ಕೇಳಿದವರು ನಂಬುವುದಿಲ್ಲ, ಏಕೆಂದರೆ ಬೆಳೆದ ಪ್ರಾಣಿ 35ರಿಂದ 65 ಕಿಲೋ ತೂಗುತ್ತದೆ. ಎತ್ತರ ಅರ್ಧ ಮೀಟರಿಗಿಂತ ಸ್ವಲ್ಪ ಹೆಚ್ಚು, ಉದ್ದ ಒಂದು ಮೀಟರ್ ದಾಟುತ್ತದೆ. ಬಾಲ ಇಲ್ಲವೆಂದೇ ಹೇಳಬೇಕು. ಕ್ಯಾಪಿಬರಾ ಎಂಬ ಹೆಸರು ತುಪಿ ಜನರ ಭಾಷೆಯಿಂದ ಬಂದದ್ದು, ಅರ್ಥ 'ಹುಲ್ಲು ತಿನ್ನುವುದು'. ವಿಜ್ಞಾನಿಗಳು ಇಟ್ಟ ಗ್ರೀಕ್ ಮೂಲದ ಹೆಸರಿನ ಅರ್ಥ 'ನೀರುಹಂದಿ'. ಹಂದಿಗೂ ಇದಕ್ಕೂ ನಂಟಿಲ್ಲ. ಆದರೂ ಎರಡು ಹೆಸರನ್ನೂ ಜೋಡಿಸಿದರೆ ಪ್ರಾಣಿಯ ಬದುಕು ಪೂರ್ತಿ ಸಿಕ್ಕಿಬಿಡುತ್ತದೆ. ಅದಕ್ಕೆ ಬೇಕಾದದ್ದು ಹುಲ್ಲು ಮತ್ತು ನೀರು, ಎರಡೂ ಅಕ್ಕಪಕ್ಕದಲ್ಲಿ.

ಅದರ ಮುಖವನ್ನು ಒಮ್ಮೆ ಹತ್ತಿರದಿಂದ ನೋಡಿ. ಕಣ್ಣು, ಕಿವಿ, ಮೂಗಿನ ಹೊಳ್ಳೆ ಮೂರೂ ತಲೆಯ ಮೇಲ್ಭಾಗದಲ್ಲೇ, ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿವೆ. ಮೈಯೆಲ್ಲ ನೀರಿನಲ್ಲಿ ಮುಳುಗಿಸಿ ಈ ಒಂದು ಗೆರೆಯನ್ನಷ್ಟೇ ಮೇಲಿಟ್ಟುಕೊಂಡರೆ ಸಾಕು, ನೋಡುತ್ತದೆ, ಕೇಳುತ್ತದೆ, ಉಸಿರಾಡುತ್ತದೆ. ಬೆರಳುಗಳ ನಡುವೆ ತೆಳು ಪೊರೆ ಇದೆ. ಅಪಾಯ ಕಂಡರೆ ನಾಯಿ ಬೊಗಳಿದ ಹಾಗೆ ಒಂದು ಸದ್ದು ಮಾಡುತ್ತದೆ. ಆ ಸದ್ದಿಗೆ ಇಡೀ ಹಿಂಡು ಒಟ್ಟಿಗೇ ನೀರಿಗೆ ಧುಮುಕುತ್ತದೆ. ಐದು ನಿಮಿಷದವರೆಗೂ ಪೂರ್ತಿ ಮುಳುಗಿರಬಲ್ಲದು. ಗಂಡಿನ ಮೂಗಿನ ಮೇಲೆ ಕೂದಲಿಲ್ಲದ, ಎಣ್ಣೆ ಸವರಿದಂತೆ ಮಿನುಗುವ ಒಂದು ಉಬ್ಬು ಇರುತ್ತದೆ. ಅದೊಂದು ಗ್ರಂಥಿ. ಅದನ್ನು ಗಿಡಗಂಟಿಗೆ ಉಜ್ಜಿ 'ಇದು ನನ್ನ ಜಾಗ' ಎಂದು ವಾಸನೆ ಬಿಡುತ್ತದೆ. ಈ ಉಬ್ಬಿನ ವಿಷಯ ನೆನಪಿಟ್ಟುಕೊಳ್ಳಿ, ಸಂತಾನ ನಿಯಂತ್ರಣದ ಮಾತು ಬಂದಾಗ ಬೇಕಾಗುತ್ತದೆ.

ಹಿಂಡಿನಲ್ಲಿ ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ಪ್ರಾಣಿಗಳಿರುತ್ತವೆ. ಒಂದು ಬಲವಾದ ಗಂಡು, ಹಲವು ಹೆಣ್ಣು, ಮರಿಗಳು, ಅಂಚಿನಲ್ಲಿ ಕೆಲವು ಎರಡನೇ ದರ್ಜೆಯ ಗಂಡುಗಳು. ಗರ್ಭದ ಅವಧಿ ಸುಮಾರು ಐದು ತಿಂಗಳು, ಒಂದು ಸೂಲಿಗೆ ಸರಾಸರಿ ನಾಲ್ಕು ಮರಿ. ಹುಟ್ಟಿದ ಒಂದು ವಾರದೊಳಗೆ ಮರಿ ಹುಲ್ಲಿಗೆ ಬಾಯಿ ಹಾಕುತ್ತದೆ. ತಾಯಿಯೊಂದೇ ಅಲ್ಲ, ಹಿಂಡಿನ ಬೇರೆ ಹೆಣ್ಣುಗಳೂ ಅದಕ್ಕೆ ಹಾಲೂಡಿಸುತ್ತವೆ. ಬೆಳೆದ ಪ್ರಾಣಿ ದಿನಕ್ಕೆ ಮೂರು ಕಿಲೋ ಹುಲ್ಲು ತಿನ್ನುತ್ತದೆ ಎಂದಿಟ್ಟುಕೊಂಡರೂ ಹದಿನೈದರ ಹಿಂಡಿಗೆ ಒಂದು ದಿನಕ್ಕೆ 45 ಕಿಲೋ. ಲಾನು ಕಳೆದುಕೊಂಡವರ ಸಿಟ್ಟು ಸುಳ್ಳಲ್ಲ ಎಂಬುದಕ್ಕೆ ಈ ಲೆಕ್ಕ ಸಾಕು.

ಇನ್ನು ನೆಲದ ಕತೆ.

ದಕ್ಷಿಣ ಅಮೆರಿಕದ ಮಹಾನದಿಗಳಲ್ಲಿ ಒಂದಾದ ಪರಾನಾ ನೇರವಾಗಿ ಸಮುದ್ರಕ್ಕೆ ಬೀಳುವುದಿಲ್ಲ. ರಿಯೊ ದೆ ಲಾ ಪ್ಲಾಟಾ ಎಂಬ ಅಗಲವಾದ ಅಳಿವೆಗೆ ಬಂದು ಸೇರುತ್ತದೆ. ಸೇರುವ ಮೊದಲು ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಉದ್ದಕ್ಕೆ ಕವಲೊಡೆದು, ದ್ವೀಪ, ಕಾಲುವೆ, ಜೊಂಡಿನ ಬಯಲುಗಳ ಒಂದು ದೊಡ್ಡ ಮುಖಜಭೂಮಿಯನ್ನು ಹರಡಿಕೊಂಡಿದೆ. ನದಿ ಹೊತ್ತು ತರುವ ಹೂಳಿನಿಂದ ಈ ಭೂಮಿ ಇವತ್ತಿಗೂ ವರ್ಷ ವರ್ಷ ಮುಂದಕ್ಕೆ ಬೆಳೆಯುತ್ತಿದೆ. ಅದರ ಕೆಳತುದಿಯಲ್ಲಿ, ಲುಹಾನ್ ಎಂಬ ಚಿಕ್ಕ ನದಿಯ ದಡದಲ್ಲಿ ಟಿಗ್ರೆ ಎಂಬ ಆಡಳಿತ ಪ್ರದೇಶವಿದೆ. ನೋರ್ಡೆಲ್ಟಾ ಇರುವುದು ಇಲ್ಲೇ.

ಟಿಗ್ರೆ ಎಂದರೆ ಸ್ಪ್ಯಾನಿಷ್‌ನಲ್ಲಿ ಹುಲಿ. ದಕ್ಷಿಣ ಅಮೆರಿಕದಲ್ಲಿ ಹುಲಿ ಎಲ್ಲಿಂದ ಬಂತು? ಅಲ್ಲಿಗೆ ಬಂದ ಸ್ಪ್ಯಾನಿಷರು ಜಾಗ್ವಾರ್ ಅನ್ನೇ ಹುಲಿ ಎಂದು ಕರೆದರು. ಜಾಗ್ವಾರ್‌ಗಳು ಓಡಾಡುತ್ತಿದ್ದ, ಜನ ಅವನ್ನು ಬೇಟೆಯಾಡುತ್ತಿದ್ದ ಜಾಗವಾದ್ದರಿಂದ ಊರಿಗೆ ಆ ಹೆಸರು. ಪ್ರಾಣಿ ಹೋಯಿತು, ಹೆಸರು ಉಳಿಯಿತು. ಕಾರ್ಪಿಂಚೊವನ್ನು ತಿಂದು ಅದರ ಸಂಖ್ಯೆಗೆ ಮಿತಿ ಹಾಕುತ್ತಿದ್ದ ದೊಡ್ಡ ಬೇಟೆಗಾರನ ಹೆಸರಿನ ಊರಿನಲ್ಲೇ ಇವತ್ತು ಕಾರ್ಪಿಂಚೊ ಜಾಸ್ತಿಯಾಯಿತೆಂದು ಜಗಳ ನಡೆದಿದೆ.

1990ರ ದಶಕದಲ್ಲಿ ಬ್ಯೂನಸ್ ಐರಿಸ್‌ನ ಅನುಕೂಲಸ್ಥರು ನಗರ ಬಿಟ್ಟು ಗೋಡೆಯೊಳಗಿನ ಬಡಾವಣೆಗಳಿಗೆ ಹೋಗತೊಡಗಿದರು. ಉತ್ತರದ ಹೆದ್ದಾರಿ ಅಗಲವಾದದ್ದು ಅದಕ್ಕೆ ದಾರಿ ಮಾಡಿತು. ಎತ್ತರದ ಒಳ್ಳೆಯ ನೆಲದಲ್ಲಿ ಆಗಲೇ ಹಳೆಯ ಊರುಗಳಿದ್ದವು. ದೊಡ್ಡ ಜಾಗ ಅಗ್ಗಕ್ಕೆ ಸಿಗುತ್ತಿದ್ದದ್ದು ತಗ್ಗಿನ ಜೌಗಿನಲ್ಲಿ. ನಿರ್ಮಾಣೋದ್ಯಮಿ ಎದುವಾರ್ದೊ ಕೊಸ್ತಾಂತಿನಿ ಅವರ ಕಂಪನಿ 1999ರಲ್ಲಿ ಇಲ್ಲಿ ಕೈಹಾಕಿತು. ಅವರು ಬ್ಯೂನಸ್ ಐರಿಸ್‌ನ ಮಾಲ್ಬಾ ಎಂಬ ಹೆಸರಾಂತ ಕಲಾ ಸಂಗ್ರಹಾಲಯವನ್ನು ಕಟ್ಟಿದವರೂ ಹೌದು. ಇವತ್ತು ನೋರ್ಡೆಲ್ಟಾ ಸುಮಾರು 1,600 ಹೆಕ್ಟೇರ್ ಹರಡಿದೆ. ನಲವತ್ತು ಸಾವಿರಕ್ಕೂ ಹೆಚ್ಚು ಜನ ಅಲ್ಲಿದ್ದಾರೆ. ಅದು ಬಡಾವಣೆ ಎನ್ನುವುದಕ್ಕಿಂತ ಗೋಡೆ ಕಟ್ಟಿಕೊಂಡ ಒಂದು ಪಟ್ಟಣ.

ಜೌಗಿನಲ್ಲಿ ಮನೆ ಕಟ್ಟುವುದು ಹೇಗೆ? ವಿಧಾನ ಸರಳ. ಒಂದು ಕಡೆ ಯಂತ್ರ ಇಳಿಸಿ ಆಳವಾಗಿ ಮಣ್ಣು ತೋಡುತ್ತಾರೆ. ಆ ಮಣ್ಣನ್ನು ಪಕ್ಕಕ್ಕೆ ಸುರಿದು, ಹೊಡೆದು, ಪ್ರವಾಹದ ಮಟ್ಟಕ್ಕಿಂತ ಮೇಲಕ್ಕೆ ನೆಲ ಎತ್ತರಿಸುತ್ತಾರೆ. ಎತ್ತರಿಸಿದ ನೆಲ ಸೈಟಾಗುತ್ತದೆ. ತೋಡಿದ ಗುಂಡಿಯಲ್ಲಿ ನೀರು ನಿಂತು ಕೆರೆಯಾಗುತ್ತದೆ, ಕೆರೆಯ ಪಕ್ಕದ ಸೈಟಿಗೆ ಬೆಲೆ ಏರುತ್ತದೆ. ನೋರ್ಡೆಲ್ಟಾದ ಚಿತ್ರಗಳಲ್ಲಿ ಕಾಣುವ ನೀಲಿ ಕೆರೆಗಳು ಹೀಗೆ ಹುಟ್ಟಿದವು. ಮೇಲಿನಿಂದ ನೋಡಿದರೆ ಮೊದಲಿಗಿಂತ ಹೆಚ್ಚು ನೀರು ಇದೆ ಎಂದೇ ಅನ್ನಿಸುತ್ತದೆ.

ಆದರೆ ಕೆರೆ ಬೇರೆ, ಜೌಗು ಬೇರೆ. ಜೌಗಿನಲ್ಲಿ ನೀರು ಮತ್ತು ನೆಲದ ನಡುವೆ ಗಡಿಯೇ ಇರುವುದಿಲ್ಲ. ಮಳೆಗಾಲದಲ್ಲಿ ಮೊಣಕಾಲುದ್ದ ನೀರು, ಆಮೇಲೆ ಕೆಸರು, ಆಮೇಲೆ ಹುಲ್ಲು. ಜೊಂಡಿನ ಬೇರುಗಳು ನೀರನ್ನು ಹಿಡಿದು, ಸೋಸಿ, ನಿಧಾನಕ್ಕೆ ಬಿಡುತ್ತವೆ. ಸ್ಪಂಜು ಮಾಡುವ ಕೆಲಸವೇ ಅದು. ತೋಡಿದ ಕೆರೆಗೆ ಕಡಿದಾದ ದಡ, ದಡದಿಂದಲೇ ಶುರುವಾಗುವ ಕತ್ತರಿಸಿದ ಲಾನು. ನಡುವಿನ ಜೊಂಡು, ಪೊದೆ, ಕೆಸರಿನ ಪಟ್ಟಿ ಕಣ್ಮರೆಯಾಗಿರುತ್ತದೆ. ಯೋಚಿಸಿ ನೋಡಿದರೆ, ನೂರಾರು ಜಾತಿಯ ಹಕ್ಕಿ, ಕಪ್ಪೆ, ಮೀನು, ಕೀಟಗಳಿಗೆ ಇದರಿಂದ ಮನೆ ಹೋಯಿತು. ಒಂದೇ ಒಂದು ಪ್ರಾಣಿಗೆ ಮಾತ್ರ ಈ ಹೊಸ ಜಾಗ ಹೇಳಿ ಮಾಡಿಸಿದ ಹಾಗಿತ್ತು. ಹುಲ್ಲು ಬೇಕು, ಪಕ್ಕದಲ್ಲೇ ನೀರು ಬೇಕು ಎನ್ನುವ ಕಾರ್ಪಿಂಚೊಗೆ.

ವರ್ಷವಿಡೀ ನೀರು ಹಾಕಿ, ಗೊಬ್ಬರ ಹಾಕಿ, ಕತ್ತರಿಸಿ ಎಳೆಯದಾಗೇ ಇಡುವ ಹುಲ್ಲು ಕಾಡಿನಲ್ಲಿ ಎಲ್ಲಿಯೂ ಸಿಗುವುದಿಲ್ಲ. ಹತ್ತು ಹೆಜ್ಜೆ ಇಟ್ಟರೆ ಮುಳುಗಲು ಆಳದ ನೀರು. ಜಾಗ್ವಾರ್ ಇಲ್ಲ, ಪೂಮಾ ಇಲ್ಲ. ಗೋಡೆಯ ಹೊರಗೆ ಮುಖಜಭೂಮಿಯಲ್ಲಿ ಮಾಂಸಕ್ಕೂ ಚರ್ಮಕ್ಕೂ ಕಾರ್ಪಿಂಚೊವನ್ನು ಬೇಟೆಯಾಡುವವರಿದ್ದಾರೆ. ಅದರ ಮೆತ್ತನೆಯ ಚರ್ಮದ ಕೈಗವಸು, ಬೂಟುಗಳಿಗೆ ಅರ್ಜೆಂಟೀನಾದಲ್ಲಿ ಒಳ್ಳೆಯ ಹೆಸರು. ಆದರೆ ಗೇಟಿನ ಕಾವಲಿನವರು ಬಂದೂಕು ಹಿಡಿದ ಬೇಟೆಗಾರನನ್ನು ಒಳಗೆ ಬಿಡುವುದಿಲ್ಲ. ಮನುಷ್ಯರ ಭದ್ರತೆಗೆಂದು ಕಟ್ಟಿದ ಗೋಡೆ ಕಾರ್ಪಿಂಚೊಗೂ ಭದ್ರತೆ ಕೊಟ್ಟಿತು. ಎಲೆ ಹಾಕಿ, ಬಡಿಸಿ, ಬಾಗಿಲಲ್ಲಿ ಕಾವಲು ನಿಲ್ಲಿಸಿದ ಮೇಲೆ ಅತಿಥಿ ಬಂದರೆಂದು ಆಶ್ಚರ್ಯ ಪಡುವುದು ಹೇಗೆ?

2021ರಲ್ಲಿ ನೋರ್ಡೆಲ್ಟಾದಲ್ಲಿ ಸುಮಾರು 400 ಕಾರ್ಪಿಂಚೊಗಳಿವೆ ಎಂದು ಪತ್ರಿಕೆಗಳು ಬರೆದವು. ಆಮೇಲಿನ ವರ್ಷಗಳಲ್ಲಿ ಆ ಅಂದಾಜು ಸಾವಿರದ ಹತ್ತಿರ ಹೋಯಿತು. ಒಂದು ಹೆಣ್ಣಿಗೆ ವರ್ಷಕ್ಕೆ ನಾಲ್ಕು ಮರಿ, ತಿನ್ನುವವರು ಯಾರೂ ಇಲ್ಲ ಎಂದಾದರೆ ಇದು ಅನಿರೀಕ್ಷಿತ ಸಂಖ್ಯೆಯೇನಲ್ಲ. ಕಾಡಿನಲ್ಲಿ ಈ ನಾಲ್ಕು ಮರಿಗಳಲ್ಲಿ ಹೆಚ್ಚಿನವು ಒಂದು ವರ್ಷ ದಾಟುವುದಿಲ್ಲ. ಮೊಸಳೆಯ ಬಳಗದ ಕೇಮನ್, ನರಿ, ಕಾರಕಾರಾ ಎಂಬ ಹದ್ದಿನಂಥ ಹಕ್ಕಿ, ಎಲ್ಲಕ್ಕೂ ಮರಿಗಳ ಮೇಲೆ ಕಣ್ಣು.

ಬೇಟೆಗಾರ ಪ್ರಾಣಿ ಮಾಡುವ ಕೆಲಸ ತಿನ್ನುವುದೊಂದೇ ಅಲ್ಲ. ಅದರ ಹೆದರಿಕೆಯೂ ಒಂದು ಕೆಲಸ ಮಾಡುತ್ತದೆ. ಹೆದರಿಕೆ ಇದ್ದಲ್ಲಿ ಹಿಂಡು ಒಂದೇ ಕಡೆ ಕೂತು ಮೇಯುವುದಿಲ್ಲ. ನಾಲ್ಕು ಬಾಯಿ ತಿಂದು ತಲೆ ಎತ್ತುತ್ತದೆ, ಜಾಗ ಬದಲಿಸುತ್ತದೆ, ಕೆಲವು ದಡಗಳ ಹತ್ತಿರ ಸುಳಿಯುವುದೇ ಇಲ್ಲ. ಹುಲ್ಲಿಗೆ ಚಿಗುರಲು ಸಮಯ ಸಿಗುತ್ತದೆ. ಇದೇ ಅರ್ಜೆಂಟೀನಾದ ಈಶಾನ್ಯಕ್ಕೆ, ಕೊರಿಯೆಂತೆಸ್ ಪ್ರಾಂತ್ಯದ ಇಬೆರಾ ಜೌಗಿನಲ್ಲಿ ಎಪ್ಪತ್ತು ವರ್ಷಗಳಿಂದ ಜಾಗ್ವಾರ್ ಇರಲಿಲ್ಲ. ಅಲ್ಲಿಯೂ ಕಾರ್ಪಿಂಚೊಗಳು ಬೇಕಾದಷ್ಟಿದ್ದವು. 2021ರ ಜನವರಿಯಲ್ಲಿ ರೀವೈಲ್ಡಿಂಗ್ ಅರ್ಜೆಂಟೀನಾ ಸಂಸ್ಥೆಯವರು ಮರಿಯುವಾ ಎಂಬ ಜಾಗ್ವಾರ್ ತಾಯಿಯನ್ನು ಎರಡು ಮರಿಗಳೊಂದಿಗೆ ಅಲ್ಲಿ ಬಿಟ್ಟರು. ಆಮೇಲೆ ಇನ್ನೂ ಕೆಲವನ್ನು ಬಿಟ್ಟರು. ಇಬೆರಾದ ಜಾಗ್ವಾರ್‌ಗಳಿಗೆ ಕಾರ್ಪಿಂಚೊ ಮುಖ್ಯ ಆಹಾರ. ನೋರ್ಡೆಲ್ಟಾದ ಸುದ್ದಿ ಬಂದದ್ದೂ ಅದೇ ವರ್ಷ. ಶಾಲೆ, ಮಾಲ್ ಇರುವ ಪಟ್ಟಣಕ್ಕೆ ಜಾಗ್ವಾರ್ ತಂದು ಬಿಡಿ ಎಂದು ಯಾರೂ ಹೇಳುವುದಿಲ್ಲ, ಹೇಳಬಾರದು ಕೂಡ. ಹಾಗಾಗಿ ಬೇಟೆಗಾರ ಮಾಡುತ್ತಿದ್ದ ಎರಡೂ ಕೆಲಸಗಳನ್ನು, ಎಂದರೆ ಸಂಖ್ಯೆಗೆ ಮಿತಿ ಹಾಕುವುದನ್ನೂ ಹಿಂಡನ್ನು ಚಲಿಸುವಂತೆ ಮಾಡುವುದನ್ನೂ, ಮನುಷ್ಯರೇ ಬೇರೆ ದಾರಿಯಿಂದ ಮಾಡಬೇಕಾಗಿದೆ.

ಆ ದಾರಿಗಳ ಮಾತಿಗೆ ಮೊದಲು, ಈ ಜಗಳದಲ್ಲಿ ಮೀಮ್‌ಗಳಿಗೆ ಸಿಗದ ಒಂದು ಸಂಗತಿ ಹೇಳಬೇಕು. ನನ್ನ ಮಟ್ಟಿಗೆ ಇಡೀ ವಿಷಯದ ಹುರುಳು ಇರುವುದೇ ಇಲ್ಲಿ.

ನೋರ್ಡೆಲ್ಟಾದ ಗೋಡೆಗೆ ಹತ್ತಿಕೊಂಡ ಹಾಗೆ ಲಾಸ್ ತುನಾಸ್ ಎಂಬ ಬಡವರ ಕೇರಿ ಇದೆ. ಅದೇ ಹೆಸರಿನ ಒಂದು ಹಳ್ಳ ಅಲ್ಲಿ ಹರಿಯುತ್ತದೆ. ಈ ಪ್ರದೇಶಕ್ಕೆ ನೀರು ಎರಡು ಕಡೆಯಿಂದ ಬರುತ್ತದೆ. ಜೋರು ಮಳೆ ಬಿದ್ದರೆ ಮೇಲಿನಿಂದ, ಲುಹಾನ್ ನದಿಯ ಮತ್ತು ಹಳ್ಳಗಳ ದಾರಿಯಲ್ಲಿ. ಇನ್ನೊಂದು ಸುದೆಸ್ತಾದಾ ಎಂಬ ಆಗ್ನೇಯದ ಬಿರುಗಾಳಿ. ಅದು ಬೀಸಿದಾಗ ರಿಯೊ ದೆ ಲಾ ಪ್ಲಾಟಾದ ನೀರನ್ನು ದಡದ ಕಡೆಗೆ ಒತ್ತಿ ಹಿಡಿಯುತ್ತದೆ. ಆಗ ಚಿಕ್ಕ ನದಿಗಳಿಗೆ ಹೊರಹೋಗಲು ಬಾಗಿಲೇ ಇಲ್ಲ. ನೀರು ಹಿಂದಕ್ಕೆ ತಿರುಗುತ್ತದೆ. ಮೊದಲಾದರೆ ಹೀಗೆ ಹೆಚ್ಚಾದ ನೀರು ಜೌಗಿನ ಸಾವಿರಾರು ಹೆಕ್ಟೇರಿನಲ್ಲಿ ತೆಳುವಾಗಿ ಹರಡಿ ನಿಲ್ಲುತ್ತಿತ್ತು. ಯಾರ ಮನೆಯೂ ಇಲ್ಲದ ಜಾಗದಲ್ಲಿ ಮೊಣಕಾಲುದ್ದ ನಿಂತು, ಗಾಳಿ ತಗ್ಗಿದ ಮೇಲೆ ಇಳಿದುಹೋಗುತ್ತಿತ್ತು.

ಈಗ ಆ ಜಾಗವನ್ನು ಮಣ್ಣು ತುಂಬಿಸಿ ಎತ್ತರಿಸಲಾಗಿದೆ. ನೋರ್ಡೆಲ್ಟಾ ಒಂದೇ ಅಲ್ಲ, ಲುಹಾನ್ ನದಿಯ ಕೆಳದಂಡೆಯಲ್ಲಿ ಇಂಥ ಬಡಾವಣೆಗಳು ಒಂದರ ಪಕ್ಕ ಒಂದು ಎದ್ದಿವೆ. ನೀರು ತಗ್ಗು ಹುಡುಕುತ್ತದೆ. ಎತ್ತರಿಸಿದ ನೆಲದ ಪಕ್ಕದಲ್ಲಿ ಎತ್ತರಿಸದ ನೆಲವೇ ತಗ್ಗು, ಅಲ್ಲಿರುವುದು ಲಾಸ್ ತುನಾಸ್‌ನಂಥ ಹಳೆಯ ಕೇರಿಗಳು. ಮನೆಯೊಳಗೆ ನೀರು ನುಗ್ಗುವುದನ್ನು ಅಲ್ಲಿನವರು ಮತ್ತೆ ಮತ್ತೆ ಕಂಡಿದ್ದಾರೆ. ತಮ್ಮ ಕಷ್ಟಕ್ಕೂ ಪಕ್ಕದ ಎತ್ತರದ ನೆಲಕ್ಕೂ ಇರುವ ಸಂಬಂಧವನ್ನು ಅವರು ವರ್ಷಗಳಿಂದ ಹೇಳುತ್ತಲೇ ಬಂದಿದ್ದಾರೆ. ಕಾರ್ಪಿಂಚೊ ಲಾನು ಮೇಯ್ದದ್ದು ಜಗತ್ತಿನ ಸುದ್ದಿಯಾಯಿತು. ಹಾಸಿಗೆ, ಅಕ್ಕಿಚೀಲ, ಮಕ್ಕಳ ಪುಸ್ತಕ ನೆನೆದದ್ದು ಆಗಲಿಲ್ಲ. ನನಗೆ ಇದನ್ನು ಬರೆಯಬೇಕೆನ್ನಿಸಿದ್ದೇ ಈ ಕಾರಣಕ್ಕೆ.

ಕಾರ್ಪಿಂಚೊ ಅಷ್ಟು ಬೇಗ ಒಂದು ವರ್ಗದ ಸಂಕೇತವಾದದ್ದರ ಹಿಂದೆಯೂ ಇಂಥ ನೆನಪುಗಳಿದ್ದವು. 2018ರಲ್ಲಿ ನೋರ್ಡೆಲ್ಟಾದ ಮನೆಗೆಲಸದ ಹೆಂಗಸರು ರಸ್ತೆಗಿಳಿದಿದ್ದರು. ಗೇಟಿನೊಳಗೆ ಓಡಾಡುವ ಖಾಸಗಿ ಬಸ್ಸಿಗೆ ತಮ್ಮನ್ನು ಹತ್ತಿಸಿಕೊಳ್ಳುತ್ತಿಲ್ಲ, ನಿವಾಸಿಗಳಿಗೆ ತಮ್ಮ ಜೊತೆ ಕೂರುವುದು ಇಷ್ಟವಿಲ್ಲ ಎಂಬುದು ಅವರ ದೂರು. ದೇಶವೆಲ್ಲ ಅದನ್ನು ಚರ್ಚಿಸಿತು. ಮೂರು ವರ್ಷದ ನಂತರ ಅದೇ ಗೇಟಿನೊಳಗೆ ಯಾರ ಅಪ್ಪಣೆಯೂ ಇಲ್ಲದೆ ಓಡಾಡುವ ಪ್ರಾಣಿ ಕಂಡಾಗ ಜನ ಅದನ್ನು ತಮ್ಮದೆಂದು ಅಪ್ಪಿಕೊಂಡರು.

ಹಾಗೆಂದು ನೋರ್ಡೆಲ್ಟಾದ ನಿವಾಸಿಗಳೆಲ್ಲ ಪ್ರಾಣಿಯ ವೈರಿಗಳೆಂದು ಬರೆದರೆ ಅನ್ಯಾಯವಾಗುತ್ತದೆ. ಹಿಂಡು ದಾಟುವಾಗ ಕಾರು ನಿಲ್ಲಿಸಿ ಮಕ್ಕಳಿಗೆ ತೋರಿಸುವವರೂ, ಪ್ರಾಣಿಗಳಿಗೆ ಮೀಸಲು ಜಾಗ ಬೇಕೆಂದು ಬಡಾವಣೆಯ ಆಡಳಿತದ ಎದುರು ನಿಂತವರೂ ಅಲ್ಲಿದ್ದಾರೆ. ದೂರು ಹೇಳುವವರ ಮಾತಿನಲ್ಲಿಯೂ ನಿಜವಿದೆ. ಕಾರ್ಪಿಂಚೊದ ಮುಂದಿನ ಹಲ್ಲುಗಳು ಉಳಿಯ ಹಾಗೆ ಚೂಪು, ಜೀವನಪೂರ್ತಿ ಬೆಳೆಯುತ್ತಲೇ ಇರುತ್ತವೆ. ಮರಿಗಳ ಹತ್ತಿರ ನಾಯಿ ಬಂದರೆ ಅದು ಸುಮ್ಮನಿರುವುದಿಲ್ಲ. ಐವತ್ತು ಕಿಲೋ ಪ್ರಾಣಿ ಕತ್ತಲಲ್ಲಿ ಬೈಕಿಗೆ ಅಡ್ಡ ಬಂದರೆ ಇಬ್ಬರ ಜೀವಕ್ಕೂ ಅಪಾಯ. ರೋಗದ ಹೆದರಿಕೆಯೂ ಇದೆ. ಬ್ರೆಜಿಲ್‌ನ ಸಾವೊ ಪಾಲೊ ಪ್ರಾಂತ್ಯದಲ್ಲಿ ಮಾರಕ ಚುಕ್ಕೆಜ್ವರ ಹರಡುವ ಉಣ್ಣೆಗಳು ಕ್ಯಾಪಿಬರಾಗಳ ಮೈಮೇಲೆ ಬದುಕುತ್ತವೆ. ಪ್ರಾಣಿ ಮುದ್ದಾಗಿದೆ ಎಂಬ ಒಂದೇ ಕಾರಣಕ್ಕೆ ಮುಟ್ಟಿ, ತಿನ್ನಿಸಿ, ಫೋಟೊ ತೆಗೆಸಿಕೊಳ್ಳುವುದು ಎಲ್ಲಿಯೂ ಸರಿಯಲ್ಲ.

ಹಾಗಾದರೆ ಏನು ಮಾಡಬಹುದು?

ಎಲ್ಲರಿಗೂ ಮೊದಲು ಹೊಳೆಯುವುದು ಹಿಡಿದು ಬೇರೆ ಕಡೆ ಬಿಡುವುದು. ಕೇಳಲು ದಯೆಯ ದಾರಿ, ಆದರೆ ಸಾಮಾನ್ಯವಾಗಿ ಇದು ಕೆಲಸ ಮಾಡುವುದಿಲ್ಲ. ಹೊಸ ಜಾಗದಲ್ಲಿ ಆಗಲೇ ಬೇರೆ ಹಿಂಡುಗಳು ಗಡಿ ಹಾಕಿಕೊಂಡಿರುತ್ತವೆ. ಬಂದವಕ್ಕೆ ಕಚ್ಚಾಟ, ಗಾಯ, ಸಾವು. ಇತ್ತ ಖಾಲಿಯಾದ ಕೆರೆದಡದಲ್ಲಿ ಹುಲ್ಲೂ ಇದೆ, ನೀರೂ ಇದೆ. ಕಾಲುವೆಯ ದಾರಿಯಲ್ಲಿ ಪಕ್ಕದ ಹಿಂಡು ಈಜಿ ಬಂದು ಸೇರಿಕೊಳ್ಳುತ್ತದೆ. ಕೊಲ್ಲುವುದರ ಗತಿಯೂ ಇದೇ. ಕರುಣೆಯ ಪ್ರಶ್ನೆಯನ್ನು ಬದಿಗಿಟ್ಟರೂ, ಖಾಲಿಯಾದ ಜಾಗ ಖಾಲಿ ಉಳಿಯುವುದಿಲ್ಲ.

ಸಂತಾನ ನಿಯಂತ್ರಣ ಮೂರನೆಯ ದಾರಿ. ಇಲ್ಲಿ ಮೂಗಿನ ಮೇಲಿನ ಆ ಉಬ್ಬಿಗೆ ಮರಳಬೇಕು. ಗಂಡಿನ ಬೀಜ ತೆಗೆದರೆ ಅದರ ಗಂಡುತನದ ಹಾರ್ಮೋನು ಇಳಿಯುತ್ತದೆ, ಹಿಂಡಿನ ಮೇಲಿನ ಹಿಡಿತ ಹೋಗುತ್ತದೆ, ಅಂಚಿನಲ್ಲಿ ಕಾಯುತ್ತಿದ್ದ ಇನ್ನೊಂದು ಗಂಡು ಯಜಮಾನನಾಗುತ್ತದೆ. ಮರಿಗಳ ಸಂಖ್ಯೆ ಇದ್ದಷ್ಟೇ. ಅದಕ್ಕೆ ಬದಲು ವೀರ್ಯದ ನಾಳ ಮಾತ್ರ ಕತ್ತರಿಸಿದರೆ ಯಜಮಾನ ಯಜಮಾನನಾಗೇ ಇರುತ್ತಾನೆ, ವಾಸನೆ ಬಿಡುತ್ತಾನೆ, ಹೊರಗಿನ ಗಂಡುಗಳನ್ನು ಓಡಿಸುತ್ತಾನೆ, ಆದರೆ ಮರಿಯಾಗುವುದಿಲ್ಲ. ಹೆಣ್ಣಿಗೂ ಅಂಡಾಶಯ ತೆಗೆಯದೆ ನಾಳ ಕಟ್ಟುವುದು ಇದೇ ಲೆಕ್ಕದಲ್ಲಿ. ಬ್ರೆಜಿಲ್‌ನಲ್ಲಿ ಈ ಬಗೆಯ ಶಸ್ತ್ರಚಿಕಿತ್ಸೆ ಮಾಡಿದ್ದಾರೆ. ನೋರ್ಡೆಲ್ಟಾದಲ್ಲಿ ಚುಚ್ಚುಮದ್ದಿನ ದಾರಿ ಆರಿಸಿಕೊಂಡರು. 2025ರ ಹೊತ್ತಿಗೆ ಸುಮಾರು 250 ಪ್ರಾಣಿಗಳಿಗೆ ಪ್ರಾಯೋಗಿಕವಾಗಿ ಗರ್ಭನಿರೋಧಕ ಕೊಡುವ ಯೋಜನೆಗೆ ಬ್ಯೂನಸ್ ಐರಿಸ್ ಪ್ರಾಂತ್ಯದ ಸರಕಾರದ ಒಪ್ಪಿಗೆ ಸಿಕ್ಕಿತು. ನಿವಾಸಿಗಳಲ್ಲೇ ಒಂದು ಗುಂಪು ಇದನ್ನು ವಿರೋಧಿಸಿತು. ಪ್ರಾಣಿಗೆ ಚುಚ್ಚುವ ಬದಲು ಜಾಗ ಬಿಡಿ ಎಂಬುದು ಅವರ ಬೇಡಿಕೆ.

ನನಗೆ ಗರ್ಭನಿರೋಧಕವೂ ಬೇಕು, ಜಾಗವೂ ಬೇಕು ಅನ್ನಿಸುತ್ತದೆ. ಬೇಟೆಗಾರನಿಲ್ಲದ ಕಡೆ ಸಂಖ್ಯೆ ಬೆಳೆಯುತ್ತಲೇ ಹೋದರೆ ಕೊನೆಗೆ ಕಷ್ಟಪಡುವುದು ಪ್ರಾಣಿಗಳೇ. ಹಸಿವು, ಕಚ್ಚಾಟ, ಚಕ್ರದಡಿ ಸಾವು. ಆದರೆ ಚುಚ್ಚುಮದ್ದೊಂದೇ ಆದರೆ ನೆಲ ಇದ್ದ ಹಾಗೇ ಇರುತ್ತದೆ. ಜೀವಶಾಸ್ತ್ರಜ್ಞರು ಮೊದಲಿಂದಲೂ ಹೇಳುತ್ತ ಬಂದದ್ದು ದಡದ ಬಗ್ಗೆ. ಕೆರೆಯ ಅಂಚಿನವರೆಗೂ ಲಾನು ಬೆಳೆಸುವುದನ್ನು ನಿಲ್ಲಿಸಿ, ಒಂದಷ್ಟು ಅಗಲದ ಪಟ್ಟಿಯಲ್ಲಿ ಜೊಂಡು ಮತ್ತು ಅಲ್ಲಿನದೇ ಹುಲ್ಲು ಬೆಳೆಯಲು ಬಿಡುವುದು. ಆ ಪಟ್ಟಿಗಳು ಒಂದಕ್ಕೊಂದು ಸೇರಿ ಕೊನೆಗೆ ಹೊರಗಿನ ನದಿದಂಡೆಗೆ ತಲುಪುವ ಹಾಗೆ ದಾರಿ ಬಿಡುವುದು. ಹಿಂಡುಗಳಿಗೆ ಚದುರಲು ದಾರಿ ಸಿಕ್ಕರೆ ಒಂದೇ ಅಂಗಳದ ಮೇಲೆ ಒತ್ತಡ ಬೀಳುವುದಿಲ್ಲ. ಮನೆ ಮತ್ತು ದಡದ ನಡುವೆ ತಗ್ಗಿನ ಬೇಲಿ ಅಥವಾ ದಟ್ಟ ಪೊದೆಸಾಲು, ರಾತ್ರಿ ವಾಹನಗಳಿಗೆ ವೇಗದ ಮಿತಿ, ನಾಯಿಗೆ ಹಗ್ಗ. ಇವೆಲ್ಲ ದುಬಾರಿಯ ಕೆಲಸಗಳಲ್ಲ. ಜೊಂಡಿನ ಪಟ್ಟಿ ಮರಳಿದರೆ ಕಾರ್ಪಿಂಚೊ ಜೊತೆಗೆ ಕಪ್ಪೆ, ಕೊಕ್ಕರೆ, ಮೀನುಮರಿಗಳೂ ಮರಳುತ್ತವೆ, ಕೆರೆಯ ನೀರೂ ತಿಳಿಯಾಗುತ್ತದೆ.

ಮಣ್ಣು ತುಂಬಿಸಿದ ನೆಲವನ್ನು ಮತ್ತೆ ಜೌಗು ಮಾಡಲು ಆಗುವುದಿಲ್ಲ. ಇನ್ನೂ ತುಂಬಿಸದ ನೆಲದ ಮಾತು ಬೇರೆ. ಅರ್ಜೆಂಟೀನಾದ ಭೂಭಾಗದಲ್ಲಿ ಐದನೇ ಒಂದರಷ್ಟು ಜೌಗು ಇದೆ ಎಂಬ ಅಂದಾಜಿದೆ. ಪರಾನಾದ ಮುಖಜಭೂಮಿ ಅದರ ಒಂದು ಭಾಗ. 1994ರಲ್ಲಿ ತಿದ್ದುಪಡಿಯಾದ ಸಂವಿಧಾನದ 41ನೇ ವಿಧಿ ಎಲ್ಲ ನಿವಾಸಿಗಳಿಗೂ ಆರೋಗ್ಯಕರ ಪರಿಸರದ ಹಕ್ಕು ಕೊಡುತ್ತದೆ. ಆದರೆ ಎಲ್ಲಿ ಮಣ್ಣು ಸುರಿಯಬಹುದು, ಎಲ್ಲಿ ಸುರಿಯಬಾರದು ಎಂದು ಗೆರೆ ಹಾಕುವ ಜೌಗು ಕಾಯ್ದೆ ಮಾತ್ರ ಬಂದಿಲ್ಲ. ಮಸೂದೆಗೆ 2013ರಲ್ಲಿ ಸೆನೆಟ್ ಒಪ್ಪಿಗೆ ಕೊಟ್ಟಿತು. ಕೆಳಮನೆಯಲ್ಲಿ ಅವಧಿ ಮುಗಿದು ಅದು ಬಿದ್ದುಹೋಯಿತು. 2016ರಲ್ಲಿ ಸೆನೆಟ್ ಮತ್ತೆ ಒಪ್ಪಿತು, ಮತ್ತೆ ಹಾಗೇ ಆಯಿತು. 2020ರಲ್ಲಿ ಮುಖಜಭೂಮಿಯಲ್ಲಿ ತಿಂಗಳುಗಟ್ಟಲೆ ಬೆಂಕಿ ಉರಿದು ರೊಸಾರಿಯೊ ನಗರವೆಲ್ಲ ಹೊಗೆಯಲ್ಲಿ ಮುಳುಗಿದಾಗ ಮೂರನೇ ಸಲ ಜೀವ ಬಂತು. ಕೃಷಿ, ಗಣಿ, ಕಟ್ಟಡ ಉದ್ಯಮಗಳ ಒತ್ತಡ ಎದುರಿಗಿತ್ತು.

2021ರ ಆಗಸ್ಟ್‌ನಲ್ಲಿ, ಜಗತ್ತು ನೋರ್ಡೆಲ್ಟಾದ ಲಾನುಗಳನ್ನು ನೋಡುತ್ತಿದ್ದ ಅದೇ ದಿನಗಳಲ್ಲಿ, ಪರಾನಾ ನದಿ 1944ರ ನಂತರದ ಅತಿ ಕಡಿಮೆ ಮಟ್ಟಕ್ಕೆ ಇಳಿದಿತ್ತು. ಆ ಬತ್ತಿದ ನದಿಯಲ್ಲಿ ಒಂದು ಗುಂಪು ರೊಸಾರಿಯೊದಿಂದ ಕಯಾಕ್‌ಗಳಲ್ಲಿ ಹುಟ್ಟು ಹಾಕುತ್ತ ಬಂತು. ಸುಮಾರು 350 ಕಿಲೋಮೀಟರ್, ದ್ವೀಪಗಳ ನಡುವೆ, ಟಿಗ್ರೆಯ ಕಡೆಗೆ, ಅಲ್ಲಿಂದ ಬ್ಯೂನಸ್ ಐರಿಸ್‌ನ ಸಂಸತ್ತಿನ ಮೆಟ್ಟಿಲಿಗೆ. ಕೇಳಿದ್ದು ಒಂದೇ, ಜೌಗು ಕಾಯ್ದೆ. ಆ ವರ್ಷದ ಕೊನೆಗೆ ಮಸೂದೆಯ ಅವಧಿ ಮೂರನೇ ಸಲ ಮುಗಿಯಿತು. ಮುಂದಿನ ವರ್ಷ ಹೊಸ ಮಸೂದೆ ಬಂತು, ಅದೂ ಕಾಯ್ದೆಯಾಗಲಿಲ್ಲ.